ಮೆಮೊರಿ ಕ್ಲಿನಿಕ್‌ಗೆ ನನ್ನ ಅಂಕ: 100ಕ್ಕೆ 68

ಮೊದಲು ಅಂಕ, ಆಮೇಲೆ ಕಾರಣ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಹಾಗೆ ಕೊಟ್ಟರೇನೇ ನನಗೆ ಸಮಾಧಾನ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಮೊರಿ ಕ್ಲಿನಿಕ್ ಇದೆ. ನಮ್ಮ ಯಜಮಾನರಿಗೆ ಮಿದುಳಿನ ರಕ್ತನಾಳದ ತೊಂದರೆಯಿಂದ ಡಿಮೆನ್ಶಿಯಾ, ಅಂದರೆ ಯೋಚನೆ, ನೆನಪು ಕುಂದುವ ಕಾಯಿಲೆ, ಬಂದಿದೆ. ಅದಕ್ಕೆ ಅಲ್ಲಿ ತೋರಿಸುತ್ತಿದ್ದೇವೆ. ಪರೀಕ್ಷೆ ಮಾಡುವುದು, ಕಾಯಿಲೆ ಏನು ಅಂತ ಬಿಡಿಸಿ ಹೇಳುವುದು, ಇದಕ್ಕೆ 50ಕ್ಕೆ 46 ಕೊಡುತ್ತೇನೆ. ಕಾಯಿಸುವುದು, ಬಿಲ್ಲು, ಮನೆಗೆ ಹೋದ ಮೇಲೆ ವಿಚಾರಿಸುವುದು, ಇದಕ್ಕೆ 50ಕ್ಕೆ 22. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಬೈಯುವ ಮಾತೂ ಇದೆಯಲ್ಲ, ಸುಮ್ನೆ ಯಾಕೆ ತಕರಾರು. ಆದರೆ ಇಂಥ ಕ್ಲಿನಿಕ್‌ಗೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಮನೆಗಳು ತುಂಬಾ ಇವೆ. ಅವರಿಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವಿರುವುದು ತಿಪಟೂರಿನಲ್ಲಿ. ನಮ್ಮ ಯಜಮಾನರು ಕೆಇಬಿ ಅಂತ ಇದ್ದಾಗ ಕೆಲಸಕ್ಕೆ ಸೇರಿ, ಬೆಸ್ಕಾಂ ಅಂತ ಆದ ಮೇಲೆ ನಿವೃತ್ತರಾದವರು. ಜೂನಿಯರ್ ಎಂಜಿನಿಯರ್ ಆಗಿದ್ದರು. ಬಿಪಿ, ಶುಗರ್ ಎರಡೂ ಹಳೆಯ ಸ್ನೇಹಿತರು. ಸಿಗರೇಟು ಬಿಟ್ಟು ತುಂಬಾ ವರ್ಷವಾಯಿತು, ಆದರೆ ಸೇದಿದ ವರ್ಷಗಳೂ ಕಡಿಮೆಯೇನಲ್ಲ.

ಇವರಿಗೆ ಆದದ್ದು ಮರೆವಲ್ಲ. ಅದಕ್ಕೇ ಮನೆಯವರು ಯಾರಿಗೂ ಇದು ಡಿಮೆನ್ಶಿಯಾ ಇರಬಹುದು ಅಂತ ಹೊಳೆಯಲಿಲ್ಲ. ಮೊಮ್ಮಗಳ ಹುಟ್ಟುಹಬ್ಬ ನೆನಪಿತ್ತು. ಯಾವ ಊರಿಗೆ ಯಾವ ವರ್ಷ ಲೈನು ಎಳೆದರು ಅನ್ನುವುದೂ ನೆನಪಿತ್ತು. ಆದರೆ ಎಲ್ಲ ನಿಧಾನ. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನು ಒಗ್ಗರಣೆ ಮುಗಿಸಿ ಬಂದಿರುತ್ತಿದ್ದೆ. ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿನ ಚಲನ್ ತುಂಬುವುದು, ಇಂಥ ನಾಲ್ಕಾರು ಹೆಜ್ಜೆಯ ಕೆಲಸ ಶುರು ಮಾಡಿ ಮಧ್ಯದಲ್ಲಿ ನಿಂತುಬಿಡುತ್ತಿದ್ದರು. ಕಾಲು ಎತ್ತಿಡದೆ ನೆಲ ಉಜ್ಜಿಕೊಂಡು ಸಣ್ಣಸಣ್ಣ ಹೆಜ್ಜೆ ಹಾಕುತ್ತಿದ್ದರು. ಮೂತ್ರಕ್ಕೆ ಅವಸರ. ಧಾರಾವಾಹಿಯಲ್ಲಿ ಯಾರೋ ಮಗಳನ್ನು ಗಂಡನ ಮನೆಗೆ ಕಳಿಸಿದರೆ ಇವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಮ್ಮ ಮದುವೆಯಾದಾಗಿನಿಂದ ಒಮ್ಮೆಯೂ ಅತ್ತವರಲ್ಲ ಇವರು.

ಇನ್ನೊಂದು ವಿಷಯ. ಇದೆಲ್ಲ ಮೆಲ್ಲಗೆ ಇಳಿಜಾರಿನಂತೆ ಬರಲಿಲ್ಲ. ಒಂದು ದೀಪಾವಳಿ ಸುಮಾರಿಗೆ ಮಾತು ತೊದಲಿತು, ಮಾರನೆಯ ದಿನಕ್ಕೆ ಸರಿಯಾಯಿತು. ತೋರಿಸಿದ ಡಾಕ್ಟರು ಗ್ಯಾಸ್ ಇರಬೇಕು ಅಂದರು. ಆದರೆ ಆ ಹಬ್ಬದ ಹಿಂದಿನ ಮನುಷ್ಯ ಮತ್ತೆ ಪೂರ್ತಿ ಬರಲಿಲ್ಲ. ಕೆಲವು ತಿಂಗಳು ಅಲ್ಲೇ ನಿಂತರು. ಆಮೇಲೆ ಮತ್ತೆ ಒಂದು ಮೆಟ್ಟಿಲು ಕೆಳಗೆ. ನೆಂಟರು ‘ಅರವತ್ತಕ್ಕೆ ಅರಳು ಮರಳು’ ಅಂತ ಹೇಳಿ ಕಾಫಿ ಕುಡಿದು ಹೋದರು. ಬೆಂಗಳೂರಿನಲ್ಲಿರುವ ಮಗಳು ಬಿಡಲಿಲ್ಲ, ಅಪಾಯಿಂಟ್‌ಮೆಂಟ್ ತೆಗೆದುಕೊಂಡೇಬಿಟ್ಟಳು.

ಈಗ ಕ್ಲಿನಿಕ್ ವಿಷಯಕ್ಕೆ ಬರೋಣ. ಬೆಳಗ್ಗೆ 10 ಗಂಟೆಗೆ ಅಪಾಯಿಂಟ್‌ಮೆಂಟ್ ಅಂತ ಮೆಸೇಜು. ಒಳಗೆ ಕರೆದಾಗ 12 ದಾಟಿತ್ತು. ಮರೆವಿನ, ಗಲಿಬಿಲಿಯ ರೋಗಿಗಳಿಗೆಂದೇ ಇರುವ ಕ್ಲಿನಿಕ್ ಅದು. ಅಲ್ಲಿ ಎರಡು ಗಂಟೆ ಕಾಯಿಸಿದರೆ ಏನಾಗುತ್ತದೆ ಅಂತ ಅವರಿಗೇ ಗೊತ್ತಿರಬೇಕಲ್ವಾ? ನಮ್ಮ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ‘ಮನೆಗೆ ಹೋಗೋಣ’ ಅಂತ ಬಾಗಿಲಿಗೆ ಓಡುತ್ತಲೇ ಇದ್ದರು, ಸೊಸೆ ಹಿಂದೆ ಹಿಂದೆ. ಟಿವಿ ಜೋರಾಗಿ ಹಾಕಿದ್ದರು. ಟಾಯ್ಲೆಟ್ ಆ ಮಹಡಿಯಲ್ಲಿ ಇರಲಿಲ್ಲ! ಮೂತ್ರ ತಡೆಯಲಾಗದವರನ್ನು ಲಿಫ್ಟಿಗೆ ಕಾಯಿಸಿ ಕೆಳಗೆ ಕರೆದುಕೊಂಡು ಹೋಗಬೇಕು. ಇದಕ್ಕೇ ಹತ್ತು ಅಂಕ ಕಳೆದೆ. ಜಾಸ್ತಿ ಕಳೆಯಬೇಕಿತ್ತು.

ಒಳಗೆ ಹೋದ ಮೇಲೆ ಬೇರೆಯದೇ ಲೋಕ. ಮೊದಲು ಒಬ್ಬಳು ಸೈಕಾಲಜಿಸ್ಟ್ ಹುಡುಗಿ ಸಿಕ್ಕಳು. ಇವರನ್ನು ‘ಅಜ್ಜ’, ‘ತಾತ’ ಅನ್ನಲಿಲ್ಲ, ‘ಸರ್’ ಅಂದಳು. ಕನ್ನಡದಲ್ಲೇ ಪರೀಕ್ಷೆ ಮಾಡಿದಳು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಂಥ ಪರೀಕ್ಷೆಗಳ ಒಂದು ಕಟ್ಟನ್ನೇ ನಮ್ಮ ಭಾಷೆಗಳಲ್ಲಿ ಮಾಡಿಸಿದೆ, ಅದರಲ್ಲಿ ಕನ್ನಡವೂ ಇದೆ. ಇಂಗ್ಲಿಷಿನಲ್ಲಿ ಕೇಳಿ ‘ಇವರಿಗೆ ಬುದ್ಧಿ ಕಡಿಮೆಯಾಗಿದೆ’ ಅಂತ ಬರೆಯುವ ಅನ್ಯಾಯ ಆಗಲಿಲ್ಲ.

ಪ್ರಶ್ನೆಪತ್ರಿಕೆ ನೋಡಿದರೆ ಯಾವ ಶಿಕ್ಷಕಿಗೂ ಕುತೂಹಲ ಆಗುತ್ತದೆ. ಒಟ್ಟು 30 ಅಂಕ. 100ರಿಂದ ಏಳೇಳು ಕಳೆಯುತ್ತಾ ಹೋಗಿ ಅಂದಳು. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿ ಅಂದಳು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ, ನೋಡೋಣ. 1ರಿಂದ ಅ, ಅದರಿಂದ 2, ಅಲ್ಲಿಂದ ಆ, ಹೀಗೆ ಗೆರೆ ಎಳೆಯಿರಿ. ಐದು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು.

ನಾನು ಬಾಯಿ ಬಿಡಬಾರದು ಅಂತ ಮೊದಲೇ ಹೇಳಿದ್ದಳು. ಅದೊಂದು ಶಿಕ್ಷೆ! ಟ್ರಾನ್ಸ್‌ಫಾರ್ಮರ್ ನಕ್ಷೆಯನ್ನು ಕಣ್ಣುಮುಚ್ಚಿ ಬರೆಯುತ್ತಿದ್ದ ಮನುಷ್ಯ ಗಡಿಯಾರದ ಅಂಕಿಗಳನ್ನೆಲ್ಲ ಬಲಗಡೆಗೇ ತುಂಬಿಸಿ, ಮುಳ್ಳು ಎಲ್ಲಿಡಬೇಕು ಅಂತ ಪೆನ್ಸಿಲ್ ಹಿಡಿದು ಕೂತುಬಿಟ್ಟರು. ಪ್ರಾಣಿಗಳಲ್ಲಿ ಹಸು, ಎಮ್ಮೆ, ನಾಯಿ, ಆನೆ, ಆಮೇಲೆ ಮತ್ತೆ ಹಸು. ಅಕ್ಷರ-ಅಂಕಿಯ ಗೆರೆ ಮೂರನೇ ಹೆಜ್ಜೆಗೇ ತಪ್ಪಿತು. ಆದರೆ ಐದು ಪದದಲ್ಲಿ ಎರಡು ತಾವೇ ಹೇಳಿದರು. ಉಳಿದ ಮೂರಕ್ಕೆ ಅವಳು ‘ಅದೊಂದು ಹೂವು’, ‘ಅದೊಂದು ಬಣ್ಣ’ ಅಂತ ಸುಳಿವು ಕೊಟ್ಟಳು. ಥಟ್ಟನೆ ಬಂತು.

ಈ ಸುಳಿವಿನ ವಿಷಯವನ್ನು ಅವಳು ಆಮೇಲೆ ಬಿಡಿಸಿ ಹೇಳಿದಳು. ಅಲ್ಜೈಮರ್ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ಹೊಸ ವಿಷಯ ಒಳಗೆ ಉಳಿಯುವುದೇ ಇಲ್ಲ, ಸುಳಿವು ಕೊಟ್ಟರೂ ಪ್ರಯೋಜನ ಕಡಿಮೆ. ಇವರಲ್ಲಿ ವಿಷಯ ಒಳಗಿದೆ, ಹುಡುಕಿ ತೆಗೆಯುವುದು ಕಷ್ಟವಾಗಿದೆ. ಯೋಜನೆ ಹಾಕುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ವೇಗ, ಇವು ಮೊದಲು ಕೆಟ್ಟಿವೆ. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಶಿಯಾದಲ್ಲಿ ಹೀಗೇ ಜಾಸ್ತಿ ಕಾಣುತ್ತದಂತೆ. ಕಡಿಮೆ ಅಂಕ ಬಂತು ಅಂತ ಹೇಳಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಯಾವ ಪ್ರಶ್ನೆಯಲ್ಲಿ, ಯಾಕೆ ಕಳೆದುಕೊಂಡರು ಅಂತ ನೋಡುವವರು ಅಪರೂಪ. ಆ ಹುಡುಗಿ ಒಳ್ಳೆಯ ಮೇಷ್ಟ್ರಾಗುತ್ತಿದ್ದಳು.

ಡಾಕ್ಟರ ಹತ್ತಿರ ಇನ್ನೊಂದು ಅಂಕಪಟ್ಟಿ ಇತ್ತು. ಕೆನಡಾದ ವ್ಲಾದಿಮಿರ್ ಹಚಿನ್ಸ್ಕಿ ಅನ್ನುವ ನರತಜ್ಞರು 1975ರಲ್ಲಿ ಮಾಡಿದ್ದು. ಥಟ್ಟನೆ ಶುರುವಾಯಿತೇ? 2 ಅಂಕ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತೇ? 1. ಒಂದು ದಿನ ಚೆನ್ನಾಗಿ, ಒಂದು ದಿನ ಮಂಕಾಗಿ ಇರುತ್ತಾರೆಯೇ? 2. ಅಳು ತಡೆಯಲಾಗುವುದಿಲ್ಲವೇ? 1. ಬಿಪಿ ಇತ್ತೇ? 1. ಹಿಂದೆ ಸ್ಟ್ರೋಕ್ ಆಗಿತ್ತೇ? 2. ಒಟ್ಟು 7 ಅಥವಾ ಜಾಸ್ತಿ ಬಂದರೆ ರಕ್ತನಾಳದ ಕಡೆಗೆ ಬೆರಳು, 4 ಅಥವಾ ಕಡಿಮೆ ಬಂದರೆ ಅಲ್ಜೈಮರ್ ಕಡೆಗೆ. ಇಲ್ಲಿ ಜಾಸ್ತಿ ಅಂಕ ಬಂದರೆ ಖುಷಿಪಡುವ ಹಾಗಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಾನು ತಲೆಯಲ್ಲೇ ಕೂಡಿಸುತ್ತಿದ್ದೆ, ಡಾಕ್ಟರು ಹೇಳುವ ಮೊದಲೇ 7 ದಾಟಿತ್ತು. ಈಗ ಸ್ಕ್ಯಾನ್ ಇರುವುದರಿಂದ ಬರೀ ಇದನ್ನೇ ನಂಬುವುದಿಲ್ಲ ಅಂದರು. ಆದರೆ ಮನೆಯವರನ್ನು ಕೂರಿಸಿಕೊಂಡು ಪೂರ್ತಿ ಕಥೆ ಕೇಳುವುದಕ್ಕೆ ಇದು ಒಳ್ಳೆಯ ನೆಪ.

ಎಂಆರ್‌ಐ ಅಲ್ಲೇ ಮಾಡಿಸಿದೆವು, ಒಂಬತ್ತು ಸಾವಿರದ ಚಿಲ್ಲರೆ ಆಯಿತು. ಹೊರಗೆ ಸ್ವಲ್ಪ ಕಡಿಮೆಗೆ ಸಿಗುತ್ತದೆ, ಆದರೆ ಫಿಲ್ಮು ಹಿಡಿದುಕೊಂಡು ಓಡಾಡುವ ತಾಪತ್ರಯ ಬೇಡ ಅನಿಸಿತು. ಇನ್ನು ನಾನು 46 ಅಂಕ ಕೊಟ್ಟಿದ್ದು ಯಾಕೆ ಅಂದರೆ, ಆಮೇಲಿನ ಆ ಅರ್ಧ ಗಂಟೆಗೆ.

ಡಾಕ್ಟರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನನ್ನ ಕಡೆ ಅಲ್ಲ, ಇವರ ಕಡೆ. ‘ಸರ್, ಏನು ಕೆಲಸ ಮಾಡ್ತಿದ್ರಿ?’ ಅಂತ ಕೇಳಿದರು. ಕೆಇಬಿ ಅಂತ ಗೊತ್ತಾದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಮಿದುಳು ದೇಹದ ತೂಕದ 2 ಪರ್ಸೆಂಟ್ ಅಷ್ಟೆ, ಆದರೆ ಆಮ್ಲಜನಕದ 20 ಪರ್ಸೆಂಟ್ ಅದಕ್ಕೇ ಬೇಕು. ಮಿದುಳಿನ ಮೇಲ್ಭಾಗಕ್ಕೆ ದೊಡ್ಡ ನಾಳಗಳಿಂದ ರಕ್ತ ಸಿಗುತ್ತದೆ. ಆದರೆ ಒಳಗೆ, ಆಳದಲ್ಲಿ ಇರುವ ಬಿಳಿ ಭಾಗಕ್ಕೆ ಹೋಗುವುದು ಕೂದಲಿನಷ್ಟು ಸಣ್ಣ, ಉದ್ದನೆಯ ನಾಳಗಳು. ಅವುಗಳಿಗೆ ಬದಲಿ ದಾರಿ ಇಲ್ಲ. ಅಷ್ಟು ಹೇಳುವಷ್ಟರಲ್ಲಿ ನಮ್ಮ ಯಜಮಾನರು, ಬೆಳಗ್ಗಿನಿಂದ ಒಂದು ವಾಕ್ಯ ಪೂರ್ತಿ ಮಾಡದಿದ್ದವರು, ‘ಟೇಲ್ ಎಂಡ್ ಸರ್. ಟಿಸಿಯಿಂದ ದೂರ ಇರೋ ಮನೆ. ಲೋ ವೋಲ್ಟೇಜ್’ ಅಂದರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್.

ಡಾಕ್ಟರು ಮೇಜು ತಟ್ಟಿ ನಕ್ಕರು. ಅಲ್ಲಿಂದ ಮುಂದೆ ಎಲ್ಲ ಕೆಇಬಿ ಭಾಷೆಯಲ್ಲೇ ನಡೆಯಿತು. ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಉರಿಯುತ್ತದೆ, ಆದರೆ ಮಂಕು. ಪಂಪ್‌ಸೆಟ್ ಎತ್ತುವುದಿಲ್ಲ. ಯಾವತ್ತೋ ಒಂದು ದಿನ ಪೂರ್ತಿ ಹೋಗುತ್ತದೆ.

ಪರದೆಯಲ್ಲಿ ಎರಡು ಬಗೆಯ ಹಾನಿ ತೋರಿಸಿದರು. ಒಂದು, ಅಲ್ಲಲ್ಲಿ ಸಣ್ಣ ಕಪ್ಪು ಗುಂಡಿಗಳು. ಒಂದೊಂದು 3ರಿಂದ 15 ಮಿಲಿಮೀಟರ್ ಒಳಗಿನದು. ಸಣ್ಣ ನಾಳ ಪೂರ್ತಿ ಮುಚ್ಚಿ, ಅದನ್ನು ನಂಬಿದ್ದ ಅಷ್ಟು ಜಾಗ ಸತ್ತ ಗುರುತು. ದೀಪಾವಳಿಯ ತೊದಲು ಇವುಗಳಲ್ಲಿ ಒಂದು. ಉಳಿದವು ಯಾವಾಗ ಆದವೋ, ನಮಗೆ ಗೊತ್ತೇ ಆಗಿಲ್ಲ. ಹೀಗೆ ಸದ್ದಿಲ್ಲದೆ ಆದ ಸ್ಟ್ರೋಕಿನ ಗುರುತು, ಚೆನ್ನಾಗಿಯೇ ಇರುವ ವಯಸ್ಸಾದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಐದರಲ್ಲಿ ಒಬ್ಬರಲ್ಲಿ ಸಿಗುತ್ತದಂತೆ. ಎರಡನೆಯದು, ಮಿದುಳಿನ ನಡುವಿನ ಕುಳಿಗಳ ಸುತ್ತ ಹರಡಿದ ಬಿಳಿ ಕಲೆ. ಅಲ್ಲಿ ನಾಳ ಪೂರ್ತಿ ಮುಚ್ಚಿಲ್ಲ. ವರ್ಷಗಟ್ಟಲೆ ಬಿಪಿ ಹೊಡೆತಕ್ಕೆ ಗೋಡೆ ದಪ್ಪವಾಗಿ, ಗಟ್ಟಿಯಾಗಿ, ಒಳದಾರಿ ಕಿರಿದಾಗಿದೆ. ಗೋಡೆಯಿಂದ ರಕ್ತದ ಅಂಶ ಹೊರಗೆ ಜಿನುಗಿಯೂ ಹಾನಿಯಾಗುತ್ತದೆ. ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ತಂತುಗಳು ಹಾದುಹೋಗುವುದು ಇದೇ ಜಾಗದಲ್ಲಿ. ಯೋಚನೆಯ ಭಾಗ ಚೆನ್ನಾಗಿದೆ, ನೆನಪಿನ ಭಾಗವೂ ತಕ್ಕಮಟ್ಟಿಗೆ ಇದೆ, ನಡುವಿನ ಲೈನು ಹಾಳು. ಅದಕ್ಕೇ ನಿಧಾನ. ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ತಂತುಗಳೂ ಅದೇ ದಾರಿಯಲ್ಲಿ ಹೋಗುವುದರಿಂದ ಸಣ್ಣ ಹೆಜ್ಜೆ, ಮೂತ್ರದ ಅವಸರ. ಅಳುವೂ ಅಲ್ಲಿಂದಲೇ. ನಾನು ಮೂರು ಬೇರೆ ಬೇರೆ ಕಾಯಿಲೆ ಅಂದುಕೊಂಡು ಮೂರು ಡಾಕ್ಟರಿಗೆ ತೋರಿಸುತ್ತಿದ್ದುದೆಲ್ಲ ಒಂದೇ ಕಾಯಿಲೆ.

ಇದೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. ಮಿದುಳಿನ ಒಳಗಿನ ಈ ಹಾನಿಯ ಬಗ್ಗೆ ಒಟ್ಟೋ ಬಿನ್ಸ್ವಾಂಗರ್ ಅನ್ನುವ ಮನೋವೈದ್ಯರು 1894ರಲ್ಲೇ ಬರೆದಿದ್ದರು. ಅಲ್ಜೈಮರ್ ತಮ್ಮ ಹೆಸರಿನ ಕಾಯಿಲೆ ಬಗ್ಗೆ ಮಾತಾಡಿದ್ದು 1906ರಲ್ಲಿ. ಆದರೂ ಇವತ್ತು ಅಲ್ಜೈಮರ್ ಅಂದರೆ ಆಟೋದವರಿಗೂ ಗೊತ್ತು, ಅದರ ನಂತರ ಅತಿ ಹೆಚ್ಚು ಜನರಿಗೆ ಡಿಮೆನ್ಶಿಯಾ ತರುವ ಇದು ಯಾರಿಗೂ ಗೊತ್ತಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಯಾವುದೋ ಒಂದು ಬಗೆಯ ಡಿಮೆನ್ಶಿಯಾ ಇದೆ ಅಂತ ಅಂದಾಜು. ಬಿಪಿ-ಶುಗರ್ ಇಲ್ಲದ ಮನೆಯೇ ಸಿಗದ ಈ ಕಾಲದಲ್ಲಿ, ಎಷ್ಟು ಮನೆಯಲ್ಲಿ ಬಿಪಿ ಮಾತ್ರೆಯನ್ನೂ ಮರೆವನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ?

‘ಹಾಗಾದರೆ ಇವರಿಗೆ ಅಲ್ಜೈಮರ್ ಇಲ್ಲ ಅಂತಾಯಿತಲ್ವಾ?’ ಅಂತ ಕೇಳಿದೆ. ಡಾಕ್ಟರು ಹೂಂ ಅನ್ನಲಿಲ್ಲ. ವಯಸ್ಸಾದವರಲ್ಲಿ ಎರಡೂ ಸೇರಿಕೊಂಡಿರುವುದೇ ಜಾಸ್ತಿ ಅಂದರು. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಒಂದು ಅಧ್ಯಯನದ ಬಗ್ಗೆ ಹೇಳಿದರು. 678 ಸಿಸ್ಟರ್‌ಗಳು, ಅವರಲ್ಲಿ ಬಹಳಷ್ಟು ಜನ ಟೀಚರಮ್ಮಂದಿರೇ. ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷೆಗೆ ಕೊಡುತ್ತೇವೆ ಅಂತ ಒಪ್ಪಿದ್ದರು. 1997ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮಿದುಳಲ್ಲಿ ಅಲ್ಜೈಮರ್ ಗುರುತು ಇದ್ದವರಲ್ಲಿ, ಜೊತೆಗೆ ಆಳದಲ್ಲಿ ಒಂದೆರಡು ಸಣ್ಣ ಸ್ಟ್ರೋಕ್ ಕೂಡ ಆಗಿದ್ದವರು ಬದುಕಿದ್ದಾಗ ಡಿಮೆನ್ಶಿಯಾಕ್ಕೆ ಬಿದ್ದದ್ದು ತುಂಬಾ ಜಾಸ್ತಿ. ಅಂದರೆ ಅಲ್ಜೈಮರ್ ಗುರುತು ಹೊತ್ತುಕೊಂಡೂ ಸರಿಯಾಗಿ ಬದುಕಿದವರಿದ್ದರು. ಸಣ್ಣ ಸ್ಟ್ರೋಕ್ ಸೇರಿಕೊಂಡಾಗ ತಡೆಯಲಾಗಲಿಲ್ಲ. ನನಗೆ ಇದು ಆ ದಿನದ ಅತಿ ಮುಖ್ಯವಾದ ಮಾತು. ಅಲ್ಜೈಮರ್ ಭಾಗಕ್ಕೆ ನಾವು ಮನೆಯಲ್ಲಿ ಏನೂ ಮಾಡಲಾಗದಿರಬಹುದು, ನಾಳದ ಭಾಗಕ್ಕೆ ಮಾಡಬಹುದು.

ಅಲ್ಲಿ ಬೇರೆ ಕಡೆ ಇಲ್ಲದ ಇನ್ನೊಂದು ಒಳ್ಳೆಯ ಗುಣ ಕಂಡೆ. ನೆನಪು ಬರಿಸುವ ಮಾತ್ರೆ ಅಂತ ಸುಳ್ಳು ಆಸೆ ತೋರಿಸಲಿಲ್ಲ. ಸತ್ತ ಜಾಗ ಮತ್ತೆ ಹುಟ್ಟುವುದಿಲ್ಲ, ನಾಳದಿಂದ ಬಂದ ಡಿಮೆನ್ಶಿಯಾವನ್ನು ವಾಪಸ್ ತಿರುಗಿಸುವ ಔಷಧಿ ಇಲ್ಲ ಅಂತ ನೇರವಾಗಿ ಹೇಳಿದರು. ನಾನು ಬ್ಯಾಗಿನಿಂದ ನೆಂಟರು ಕೊಟ್ಟಿದ್ದ ಟಾನಿಕ್ ಬಾಟಲಿಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಗಿಂಕೋ ಅನ್ನುವ ಮರದ ಎಲೆಯ ಸಾರ ಇರುವ ದುಬಾರಿ ಮಾತ್ರೆಯೂ ಇತ್ತು. ಅದನ್ನು 3,000ಕ್ಕೂ ಹೆಚ್ಚು ವಯಸ್ಸಾದವರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ್ದಾರೆ, ಡಿಮೆನ್ಶಿಯಾ ತಡೆಯಲಿಲ್ಲ, 2008ರಲ್ಲೇ ಗೊತ್ತಾಗಿದೆ ಅಂದರು. ಜೊತೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯದೂ ಅಲ್ಲ. ನಿದ್ದೆಗೆ ಅಂತ ಇವರು ತಾವೇ ನುಂಗುತ್ತಿದ್ದ ಒಂದು ಅಲರ್ಜಿ ಮಾತ್ರೆಯನ್ನೂ ನಿಲ್ಲಿಸಿದರು, ಅದೇ ತಲೆ ಮಂಕು ಮಾಡುತ್ತದಂತೆ. ಮಾತ್ರೆ ಕಡಿಮೆ ಮಾಡಿ ಕಳಿಸಿದ ಆಸ್ಪತ್ರೆಯನ್ನು ನಾನು ನೋಡಿದ್ದು ಅದೇ ಮೊದಲು.

ಮಾಡಿಸಿದ ಪರೀಕ್ಷೆಗಳಿಗೆಲ್ಲ ಕಾರಣ ಹೇಳಿದರು. ಬಿ12 ಮತ್ತು ಥೈರಾಯ್ಡ್, ಯಾಕೆಂದರೆ ಇವು ಸರಿಮಾಡಬಹುದಾದ ಮರೆವು ತರುತ್ತವೆ, ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಇಸಿಜಿ, ಯಾಕೆಂದರೆ ಎದೆಬಡಿತ ತಾಳ ತಪ್ಪುತ್ತಿದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುತ್ತದೆ. ಕುತ್ತಿಗೆಯ ನಾಳದ ಸ್ಕ್ಯಾನ್. ಕೊಲೆಸ್ಟರಾಲ್, ಮೂರು ತಿಂಗಳ ಶುಗರ್. ಕಿವಿ ಪರೀಕ್ಷೆ ಕೂಡ.

ಆಮೇಲೆ ಬಿಪಿ. ಇದರ ಮೇಲೆ ತುಂಬಾ ಹೊತ್ತು ಮಾತಾಡಿದರು. ಇವರು ಬಿಪಿ ಮಾತ್ರೆಯನ್ನು ತಲೆನೋವು ಬಂದಾಗ ಮಾತ್ರ ತೆಗೆದುಕೊಳ್ಳುತ್ತಿದ್ದರು. ‘ಇವತ್ತು ನಾರ್ಮಲ್ ಇದೆ, ಯಾಕೆ?’ ಅನ್ನುವ ವಾದ. ಅಮೆರಿಕದಲ್ಲಿ 9,361 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಮೇಲಿನ ಬಿಪಿಯನ್ನು 140ರ ಬದಲು 120ರ ಒಳಗೆ ಇಳಿಸಲು ನೋಡಿದವರಲ್ಲಿ ಡಿಮೆನ್ಶಿಯಾದ ಹಿಂದಿನ ಹಂತವಾದ ಸಣ್ಣ ಮಟ್ಟದ ಮರೆವು ಸುಮಾರು ಐದನೇ ಒಂದು ಭಾಗ ಕಡಿಮೆ ಆಯಿತು. 2019ರಲ್ಲಿ ಅದರ ಫಲಿತಾಂಶ ಬಂತು. ಡಿಮೆನ್ಶಿಯಾವೇ ಕಡಿಮೆಯಾಯಿತೇ ಅಂತ ಕೇಳಿದೆ. ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ, ಪ್ರಯೋಗ ಬೇಗ ನಿಲ್ಲಿಸಿದ್ದರು ಅಂದರು. ಅದರಲ್ಲಿ ಶುಗರ್ ಇದ್ದವರನ್ನು, ಸ್ಟ್ರೋಕ್ ಆದವರನ್ನು ಸೇರಿಸಿಯೇ ಇರಲಿಲ್ಲ, ಹಾಗಾಗಿ ಇವರಿಗೆ 120 ಅಂತ ಹಠ ಬೇಡ, 130ರ ಒಳಗೆ ಇರಲಿ, ನಿಂತಾಗ ತಲೆ ಸುತ್ತಿದರೆ ತಕ್ಷಣ ಹೇಳಿ ಅಂದರು. ಟೇಲ್ ಎಂಡ್ ಮನೆಗೆ ವೋಲ್ಟೇಜ್ ಪೂರ್ತಿ ಇಳಿಸಿದರೂ ಕಷ್ಟವೇ ತಾನೇ! ಅಂಕಿ ಹೇಳಿ ಅದರ ಮಿತಿಯನ್ನೂ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮತ್ತೆ ಸ್ಟ್ರೋಕ್ ಆಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ ಅಂತ ಸ್ಪಷ್ಟವಾಗಿ ಹೇಳಿದರು. ಮೊದಲ ಸ್ಟ್ರೋಕ್ ಆದವರಲ್ಲಿ ಸ್ವಲ್ಪ ಸಮಯದಲ್ಲೇ 10ರಲ್ಲಿ ಒಬ್ಬರಿಗೆ ಡಿಮೆನ್ಶಿಯಾ ಬರುತ್ತದೆ. ಮತ್ತೆ ಮತ್ತೆ ಸ್ಟ್ರೋಕ್ ಆದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ನಿಂಬೆಹಣ್ಣಿನ ಪಾನಕ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಅಂದರು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ತಿಪಟೂರಿನಿಂದ ತುಮಕೂರಿಗೋ ಬೆಂಗಳೂರಿಗೋ ಹೋಗುವ ಹೊತ್ತನ್ನು ಆ ಗಡುವಿನಲ್ಲಿ ಕಳೆಯಿರಿ, ಎಷ್ಟು ಉಳಿಯುತ್ತದೆ? ನಾನು ಅಲ್ಲೇ ಕಳೆದೆ. ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ತಲೆಯ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ವಿಚಾರಿಸಿ, ನಂಬರನ್ನು ಫ್ರಿಜ್ ಮೇಲೆ ಅಂಟಿಸಿದ್ದು.

ಇಲ್ಲಿಗೆ ಹೊಗಳಿಕೆ ಸಾಕು.

ಡಾಕ್ಟರ ಕೋಣೆಯಿಂದ ಆಚೆ ಬಂದ ಕೂಡಲೇ ಆಸ್ಪತ್ರೆಯ ಇನ್ನೊಂದು ಮುಖ. ಕೌಂಟರಿನಲ್ಲಿ ಒಬ್ಬ ಹುಡುಗ ‘ಬ್ರೇನ್ ಟ್ರೈನಿಂಗ್ ಪ್ಯಾಕೇಜ್’ ಅಂತ ಬಣ್ಣದ ಹಾಳೆ ಹಿಡಿದು ನಿಂತಿದ್ದ. ವಾರಕ್ಕೆರಡು ಸಲ ಬಂದು ಕಂಪ್ಯೂಟರ್ ಮುಂದೆ ಆಟ ಆಡಬೇಕು, ಮೂರು ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ. ಡಾಕ್ಟರು ಇದನ್ನು ಬರೆದೇ ಇರಲಿಲ್ಲ. ತಿಪಟೂರಿನಿಂದ ವಾರಕ್ಕೆರಡು ಸಲವೇ? ಮನೆಯಲ್ಲಿ ಚೌಕಾಬಾರ ಇದೆಯಪ್ಪಾ ಅಂತ ಹೇಳಿ ಬಂದೆ.

ಡಯಟ್ ಹಾಳೆ ಇನ್ನೊಂದು ತಮಾಷೆ. ಪೂರ್ತಿ ಇಂಗ್ಲಿಷಿನಲ್ಲಿ, ಓಟ್ಸು, ಆಲಿವ್ ಎಣ್ಣೆ, ಬೆರಿ ಹಣ್ಣು, ಸಾಲ್ಮನ್ ಮೀನು. ಕೊಬ್ಬರಿ ಊರಿನ ಸಸ್ಯಾಹಾರಿಗಳಿಗೆ ಸಾಲ್ಮನ್! ನಿಜವಾಗಿ ಬೇಕಾಗಿದ್ದ ಮಾತು ಉಪ್ಪಿನದು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರಾ, ಇವುಗಳಲ್ಲಿ ಯಾವುದು ಎಷ್ಟು ಅಂತ ಆ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ನಾನೇ ಕೂತು ಕನ್ನಡದಲ್ಲಿ ಪಟ್ಟಿ ಮಾಡಿದೆ. ಮುಂದಿನ ಸಲ ಹೋದಾಗ ಡಯಟಿಷಿಯನ್ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಬಂದೆ. ಉಪಯೋಗಿಸಿದರೋ ಇಲ್ಲವೋ.

ರಿಪೋರ್ಟೂ ಇಂಗ್ಲಿಷಿನಲ್ಲೇ. ಡಾಕ್ಟರು ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದರೆ ನಮ್ಮ ಮೈದುನನಿಗೆ ತೋರಿಸಬಹುದಿತ್ತು. ಅವನು ಇವತ್ತಿಗೂ ‘ಅಣ್ಣ ಬೇಕಂತಲೇ ಸುಮ್ಮನಿರ್ತಾನೆ, ಸೋಮಾರಿತನ’ ಅನ್ನುತ್ತಾನೆ. ಉತ್ಸಾಹ ಹೋಗುವುದೂ ಈ ಕಾಯಿಲೆಯ ಲಕ್ಷಣವೇ.

ಮನೆಗೆ ಹೋದ ಮೇಲೆ ಏನಾದರೂ ಕೇಳಬೇಕಾದರೆ ಒಂದು ನಂಬರ್ ಕೊಟ್ಟರು. ಅದಕ್ಕೆ ಫೋನ್ ಮಾಡಿದರೆ ಹೊಸ ಅಪಾಯಿಂಟ್‌ಮೆಂಟ್ ಬೇಕಾ ಅಂತ ಕೇಳುತ್ತಾರೆ, ಅಷ್ಟೆ. ಇವರಿಗೆ ಒಂದು ರಾತ್ರಿ ಗಲಿಬಿಲಿ ಜಾಸ್ತಿಯಾಗಿ, ಅಂಗಳದಲ್ಲಿ ಟಾರ್ಚ್ ಹಿಡಿದು ಕಂಬ ಹುಡುಕುತ್ತಿದ್ದರು. ಆಗ ಯಾರನ್ನು ಕೇಳಬೇಕು? ಮಾರನೆಯ ದಿನ ಊರಿನ ಡಾಕ್ಟರು ನೋಡಿ ಮೂತ್ರದ ಸೋಂಕು ಅಂತ ಕಂಡುಹಿಡಿದರು. ವಯಸ್ಸಾದವರಲ್ಲಿ ಸೋಂಕಿನಿಂದ ಹೀಗೆ ಥಟ್ಟನೆ ಗಲಿಬಿಲಿ ಬರುತ್ತದೆ ಅನ್ನುವ ಒಂದು ಮಾತನ್ನು ಕ್ಲಿನಿಕ್‌ನವರು ಮೊದಲೇ ಹೇಳಿ ಕಳಿಸಬಹುದಿತ್ತು.

ಇನ್ನೊಂದು ದೂರು. ಅಷ್ಟು ಪ್ರಶ್ನೆ ಕೇಳಿದ ಆ ಕ್ಲಿನಿಕ್‌ನಲ್ಲಿ ‘ಅಮ್ಮಾ, ನಿಮಗೆ ನಿದ್ದೆ ಬರುತ್ತಾ?’ ಅಂತ ಯಾರೂ ಕೇಳಲಿಲ್ಲ. ನೋಡಿಕೊಳ್ಳುವವರ ಬಿಪಿ ಕೂಡ ಒಂದು ಸಲ ನೋಡಿದರೆ ಏನು ಖರ್ಚು? ಇವರಿಗೆ ನೋಡಲು ತಂದ ಯಂತ್ರದಲ್ಲಿ ನನ್ನದೂ ನೋಡಿಕೊಂಡೆ. ಈಗ ನನಗೂ ಮಾತ್ರೆ ಶುರುವಾಗಿದೆ.

ಯಂತ್ರದ ಬಗ್ಗೆ ಎರಡು ಮಾತು. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದನ್ನೇ ತನ್ನಿ. ಪಟ್ಟಿ ತೋಳಿನ ಅಳತೆಗೆ ಸರಿಯಾಗಿರಲಿ. ಮೂತ್ರಕ್ಕೆ ಹೋಗಿಬಂದು, ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮಾತಾಡದೆ ಕೂತು ನೋಡಬೇಕು. ಎರಡು ಸಲ ನೋಡಿ ಬರೆದಿಡಿ. ಮಾತಾಡದೆ ಕೂರುವುದು ನಮ್ಮಿಬ್ಬರಲ್ಲಿ ಯಾರಿಗೆ ಕಷ್ಟ ಅಂತ ಹೇಳಬೇಕಾಗಿಲ್ಲ.

ಫಲಿತಾಂಶ ಏನು ಅಂತ ಕೇಳಿದರೆ, ಇವರು ಸುಧಾರಿಸಿಲ್ಲ. ಗಡಿಯಾರ ಇವತ್ತೂ ಬಲಗಡೆಗೇ ವಾಲುತ್ತದೆ. ಆದರೆ ಕ್ಲಿನಿಕ್‌ಗೆ ಹೋಗಲು ಶುರು ಮಾಡಿದ ಮೇಲೆ ಹೊಸ ಮೆಟ್ಟಿಲು ಇಳಿದಿಲ್ಲ. ಬಿಪಿ ಪುಸ್ತಕ ತುಂಬುವ ಕೆಲಸ ಇವರದೇ. ಮೀಟರ್ ರೀಡಿಂಗ್ ತರಹ ತಾರೀಕು ಹಾಕಿ ಬರೆಯುತ್ತಾರೆ, ಒಂದು ಸಾಲಿಗೆ ಐದು ನಿಮಿಷ ಹಿಡಿದರೂ ಸರಿ. ಸಂಜೆ ಕಲ್ಪತರು ಕ್ರೀಡಾಂಗಣದ ಕಡೆ ನಡೆಯುತ್ತೇವೆ. ಕೋಲು ಹಿಡಿಯಲು ಒಪ್ಪಿದ್ದಾರೆ. ಬ್ಯಾಂಕಿನ ಕೆಲಸ ಮಗಳಿಗೆ ವಹಿಸಿದೆವು, ಅದಕ್ಕೆ ಸಿಟ್ಟಿದೆ.

ಯಾರು ಹೋಗಬೇಕು? ನಿಮ್ಮ ಮನೆಯ ಹಿರಿಯರು ಕಾರಣವಿಲ್ಲದೆ ನಿಧಾನವಾಗಿದ್ದರೆ, ಬಿಪಿ-ಶುಗರ್ ಹಳೆಯದಾಗಿದ್ದರೆ, ಮೆಟ್ಟಿಲಿಳಿದಂತೆ ಬದಲಾಗುತ್ತಿದ್ದರೆ, ಒಂದು ಸಲ ಇಂಥ ಕಡೆ ತೋರಿಸಿ. ನಮಗೆ ಎಲ್ಲ ಸೇರಿ ಮೊದಲ ಭೇಟಿಗೆ ಇಪ್ಪತ್ತು ಸಾವಿರದ ಹತ್ತಿರ ಆಯಿತು, ಕಡಿಮೆ ಮೊತ್ತವಲ್ಲ. ಅಷ್ಟು ಆಗದಿದ್ದರೆ ನಿಮ್ಹಾನ್ಸ್ ಇದೆ, ಆದರೆ ಅಲ್ಲಿ ಜನ ಜಾಸ್ತಿ, ಬೆಳಗ್ಗೆ ಬೇಗ ಹೋಗಬೇಕು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿದೆ, ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ದಿನ ಇರುತ್ತದೆ ಅಂತ ವಿಚಾರಿಸಿ. ಹಿರಿಯರ ಸಹಾಯವಾಣಿ 14567.

ಹೋಗುವಾಗ ಮನೆಯಲ್ಲಿರುವ ಮಾತ್ರೆ, ಟಾನಿಕ್, ಲೇಹ್ಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಹೆಸರು ಬರೆದುಕೊಂಡು ಹೋದರೆ ಸಾಲದು. ಯಾವ ಹಬ್ಬದ ಸುಮಾರಿಗೆ ಏನು ಬದಲಾಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ, ಡಾಕ್ಟರು ಮೊದಲು ಕೇಳುವುದೇ ಅದನ್ನು. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ, ಅವಿಲ್ಲದೆ ಅಂಕ ಸುಮ್ನೆ ಕಡಿಮೆ ಬರುತ್ತದೆ. ತಿಂಡಿ ತಿನ್ನಿಸಿಕೊಂಡು ಹೋಗಿ. ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ. ಮತ್ತೆ, 10 ಗಂಟೆ ಅಪಾಯಿಂಟ್‌ಮೆಂಟ್ ಕೊಟ್ಟರೆ ಮೊದಲೇ ಫೋನ್ ಮಾಡಿ, ನಿಜವಾಗಿ ಎಷ್ಟಕ್ಕೆ ಕರೆಯುತ್ತೀರಿ ಅಂತ ಕೇಳಿ. ನಾವು ಈಗ ಹಾಗೇ ಕೇಳುತ್ತೇವೆ, ‘ಹನ್ನೊಂದೂವರೆಗೆ ಬನ್ನಿ ಮೇಡಂ’ ಅಂತಾರೆ.